ಹೊಲದಲ್ಲಿ ಸಿಕ್ಕ ಚರಿಗೆಯ ಮೇಲೆ ‘…ವ್ವ ಕೋಂ ಮ…’ ಎಂದು ಬರೆದಿದೆ. ಯಾರಿರಬಹುದು ಈಕೆ?

ಡೋಣಿಸಾಲು
ಎಲ್ಲರಿಗೂ ನಮಸ್ಕಾರ. ಹದಿನೈದು ದಿನಗಳಿಂದ ಒಂದು ವಿಷಯ ತಲೆಯನ್ನು ಕೊರೆಯುತ್ತಿದೆ, ಬಲ್ಲವರು ಹೇಳಬೇಕು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲುವಾಗ ನನ್ನ ಅಕ್ಕನ ಮಗಳು ಒಂದು ಕಿವಿಯ ಜುಮಕಿ ಕಳೆದುಕೊಂಡಳು. ಆಗ ಜೋಳ ಆಳೆತ್ತರ ನಿಂತಿತ್ತು, ಹುಡುಕಲು ಆಗಲಿಲ್ಲ. ರಾಶಿ ಮುಗಿದ ಮೇಲೆ ಗೆಳೆಯನಿಂದ ಮೆಟಲ್ ಡಿಟೆಕ್ಟರ್ ಎರವಲು ತಂದು ಮೂರು ಸಂಜೆ ಬನ್ನಿಗಿಡದಿಂದ ಶುರುಮಾಡಿ ಹೊಲವೆಲ್ಲ ತಿರುಗಿದೆ. ಜುಮಕಿ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ಎತ್ತಿನ ಲಾಳ ನಾಲ್ಕು, ಮುರಿದ ನೇಗಿಲ ಕುಳ ಒಂದು, ಲೆಕ್ಕವಿಲ್ಲದಷ್ಟು ಮೊಳೆ, ಬಾಟಲಿ ಮುಚ್ಚಳ. ಅವುಗಳ ನಡುವೆ ಒಂದು ಹುರಿಗೆಜ್ಜೆ, ದಪ್ಪನೆಯ ತಾಮ್ರದ ದುಡ್ಡು, ಚಿಕ್ಕದೊಂದು ಬೆಳ್ಳಿ ಕಾಲುಂಗುರ, ಮತ್ತು ಒಂದು ಪಕ್ಕ ನಜ್ಜಾದ ಹಿತ್ತಾಳೆ ಚರಿಗೆ.

ಚರಿಗೆಯ ಹೆಗಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕನ್ನಡ ಅಕ್ಷರಗಳಿವೆ. ಮೊದಲಿನವು ಸವೆದಿವೆ. ಆಮೇಲೆ ‘ವ್ವ ಕೋಂ ಮ’ ಎಂಬುದು ಸ್ಪಷ್ಟ. ಅದರ ಮುಂದೆ ಮತ್ತೆ ಏನೂ ಕಾಣುವುದಿಲ್ಲ.

ತಾಳಿಕೋಟೆ ಸೀಮೆಯಲ್ಲಿ, ಡೋಣಿ ಹೊಳೆಯ ದಂಡೆಗಿರುವ ಈ ಹೊಲ ಮೂರು ತಲೆಮಾರಿನಿಂದ ನಮ್ಮದೇ. ನಮ್ಮ ಮನೆತನದಲ್ಲಿ ‘ಮ’ ಅಕ್ಷರದಿಂದ ಶುರುವಾಗುವ ಹೆಸರಿನ ಹಿರಿಯರು ಯಾರೂ ಇಲ್ಲ. ಅವ್ವನಿಗೆ ತೋರಿಸಿದರೆ, “ಕಳೆದುಕೊಂಡವರು ನಿಟ್ಟುಸಿರು ಬಿಟ್ಟ ಸಾಮಾನು ಮನೆಗೆ ತರಬೇಡ, ಇದ್ದಲ್ಲೇ ಇಟ್ಟು ಬಾ” ಎಂದಳು. ನನಗೆ ಮನಸ್ಸು ಬರುತ್ತಿಲ್ಲ. ಈಕೆ ಯಾರೆಂದು ತಿಳಿಯುವ ದಾರಿ ಇದೆಯೇ?

ತಾಳಿಕೋಟೆಯವ
ಡೋಣಿ ದಂಡೆ, ಅದರಲ್ಲೂ ತಾಳಿಕೋಟೆ ಸೀಮೆ ಎಂದ ಮೇಲೆ ಕೇಳುವುದೇನಿದೆ? ವಿಜಯನಗರದ ವಿರುದ್ಧದ 1565ರ ಯುದ್ಧಕ್ಕೆ ಮುಂಚೆ ಸುಲ್ತಾನರ ದಂಡು ಸೇರಿದ್ದು ಇಲ್ಲಿಯೇ. ತಾಮ್ರದ ದುಡ್ಡು ಯಾವನೋ ಸೈನಿಕನ ಉಡಿಯಿಂದ ಬಿದ್ದಿರಬೇಕು. ಗೆಜ್ಜೆ ಸೇನೆಯ ಎತ್ತಿನದೇ!

ನಾಣ್ಯಸಂಗ್ರಹ
ಅಷ್ಟು ಅವಸರ ಬೇಡ. ಡೋಣಿಸಾಲು ಅವರೇ, ದುಡ್ಡಿನ ಮೇಲೆ ಅಕ್ಷರ ಹೇಗಿವೆ? ಅಡ್ಡಗೆರೆಯಿಂದ ಜೋತು ಬಿದ್ದ ಹಾಗಿದ್ದರೆ ನಾಗರಿ, ಬಳ್ಳಿಯಂತೆ ಬಳುಕಿದ್ದರೆ ಫಾರಸಿ.

ಡೋಣಿಸಾಲು
ಅಡ್ಡಗೆರೆ ಇದೆ. ಒಂದು ಬದಿಗೆ ‘ಶಿವ’ ಎಂದು ಓದಬಹುದು.

ನಾಣ್ಯಸಂಗ್ರಹ
ಹಾಗಾದರೆ ಅದು ಶಿವರಾಯಿ. ಒಂದು ಬದಿಗೆ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿಗೆ ‘ಛತ್ರಪತಿ’ ಎಂದಿರುತ್ತದೆ. ಶಿವಾಜಿಯ ಕಾಲದಲ್ಲಿ ಶುರುವಾದ ಈ ಅಚ್ಚು ಪೇಶ್ವೆಗಳ ಕಾಲದುದ್ದಕ್ಕೂ ನಡೆಯಿತು, ಬ್ರಿಟಿಷರು ಬಂದ ಮೇಲೂ ಸಂತೆಗಳಲ್ಲಿ ಓಡಾಡಿತು. ವಿಜಯಪುರ ಸೀಮೆ 1760ರಲ್ಲಿ ನಿಜಾಮರಿಂದ ಪೇಶ್ವೆಗಳ ಕೈಗೆ ಬಂತು. ಆದ್ದರಿಂದ ನಿಮ್ಮ ಹೊಲದಲ್ಲಿ ಶಿವರಾಯಿ ಸಿಗುವುದು ತೀರ ಸಹಜ. 1565ಕ್ಕೂ ಇದಕ್ಕೂ ನೂರು ವರ್ಷಕ್ಕಿಂತ ಹೆಚ್ಚು ಅಂತರವಿದೆ, ತಾಳಿಕೋಟೆಯ ಗೆಳೆಯರೇ.

ಆದಿಲ್‌ಶಾಹಿ ದುಡ್ಡು ಬೇರೆ ಥರ. ಎರಡನೆಯ ಅಲಿ ಆದಿಲ್‌ಶಾಹನ ಲಾರಿ ಎಂಬ ಬೆಳ್ಳಿ ನಾಣ್ಯವನ್ನು ನೋಡಿದವರು ಅದನ್ನು ನಾಣ್ಯ ಎನ್ನುವುದೇ ಇಲ್ಲ. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ ಮುದ್ರೆ ಒತ್ತಿರುತ್ತಾರೆ, ಥೇಟ್ ಹೆಣ್ಣುಮಕ್ಕಳ ತಲೆಪಿನ್ನಿನ ಹಾಗೆ. ಗುಜರಿಗೆ ಹೋಗಿ ಕರಗಿದವು ಎಷ್ಟೋ!

ತಾಳಿಕೋಟೆಯವ
ದುಡ್ಡಿನ ಮಾತು ಒಪ್ಪಿದೆ. ಆದರೆ ಗೆಜ್ಜೆ?

ಟಿಳಕವಾಡಿ
ನಾನು ಬೆಳಗಾವಿಯವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ದೊಡ್ಡ ಹವ್ಯಾಸ. ನಾನೂ ಭಾನುವಾರಗಳಂದು ಹೋಗುತ್ತೇನೆ. ಗೆಜ್ಜೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿಯೂ ಉತ್ತ ಹೊಲಗಳಲ್ಲಿ ದನ ಕುದುರೆಗಳ ಗೆಜ್ಜೆ ಸಿಗುತ್ತವೆ. ಕೆಲವುಗಳ ಹೊಟ್ಟೆಯ ಮೇಲೆ ಎರಕ ಹೊಯ್ದವನ ಹೆಸರಿನ ಮೊದಲ ಅಕ್ಷರಗಳಿರುತ್ತವೆ. ‘ಆರ್ ಡಬ್ಲ್ಯು’ ಎಂದಿದ್ದರೆ ಅದು ವಿಲ್ಟ್‌ಶೈರಿನ ಆಲ್ಡ್‌ಬೋರ್ನ್ ಎಂಬ ಹಳ್ಳಿಯ ರಾಬರ್ಟ್ ವೆಲ್ಸ್ ಎಂಬಾತನದು, ಹದಿನೆಂಟನೆಯ ಶತಮಾನದ್ದು. ಮೊದಲ ಸಲ ಅಂಥದ್ದು ಸಿಕ್ಕಾಗ ಮಣ್ಣು ಒರೆಸಿ ಅಲ್ಲಾಡಿಸಿದೆ. ಒಳಗಿನ ಹರಳು ಇನ್ನೂ ಇತ್ತು, ನಾದ ಬಂತು! ಇನ್ನೂರು ವರ್ಷ ಮಣ್ಣಲ್ಲಿದ್ದ ನಾದ. ನಿಂತಲ್ಲೇ ನನಗೆ ಅಜ್ಜನ ಚಕ್ಕಡಿ ನೆನಪಾಯಿತು.

ಮಾಡಿದವನ ಹೆಸರು ಸಿಕ್ಕಿತು, ಕಟ್ಟಿದವನದು ಸಿಗಲಿಲ್ಲ. ನಿಮ್ಮ ವಿಷಯದಲ್ಲಿ ತಿರುಗುಮುರುಗಾಗಿದೆ. ಮಾಡಿದವನ ಸುಳಿವಿಲ್ಲ, ಬಳಸಿದವಳ ಅರ್ಧ ಹೆಸರಿದೆ. ನೀವು ಭಾಗ್ಯವಂತರು.

ಮಲಪ್ರಭೆಯ ಮಗಳು
ಕ್ಷಮಿಸಿ, ನಾನು ಕಟುವಾಗಿಯೇ ಹೇಳುತ್ತೇನೆ. ಈ ಯಂತ್ರವನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮದು ಐಹೊಳೆಯ ಕಡೆ. ರಾತ್ರಿ ಬಂದು ವೀರಗಲ್ಲು ಕಿತ್ತು ಕೆಳಗೆ ಅಗೆಯುತ್ತಾರೆ, ನಾಗರಕಲ್ಲು ಒಡೆಯುತ್ತಾರೆ, ಹೊಲದ ನಡುವಿನ ಹಾಳುಗುಡಿಯ ಗರ್ಭಗುಡಿಯಲ್ಲಿ ಆಳುದ್ದ ಗುಂಡಿ ತೋಡುತ್ತಾರೆ. ನಿಧಿ ಸಿಗುವುದಿಲ್ಲ, ಕಲ್ಲು ಮಾತ್ರ ಎರಡು ತುಂಡಾಗಿ ಬಿದ್ದಿರುತ್ತದೆ. ನಮ್ಮ ಹೊಲದ ಬದುವಿನ ವೀರಗಲ್ಲಿಗೆ ಯುಗಾದಿಗೊಮ್ಮೆ ಎಣ್ಣೆ ಹಚ್ಚುತ್ತಿದ್ದೆವು. ಒಂದು ದಿನ ಬೆಳಿಗ್ಗೆ ಅದು ಬೋರಲಾಗಿ ಬಿದ್ದಿತ್ತು.

ನೀವು ಅಂಥವರಲ್ಲ ಎಂದು ಬರಹ ಓದಿದರೆ ಗೊತ್ತಾಗುತ್ತದೆ. ಆದರೂ ಊರಿನ ಹೆಸರು ಇಲ್ಲಿ ಹಾಕಬೇಡಿ. ಇದನ್ನು ಎಂಥೆಂಥವರು ಓದುತ್ತಾರೋ.

ಡೋಣಿಸಾಲು
ಅಕ್ಕಾ, ಊರಿನ ಹೆಸರು ಹಾಕಿಲ್ಲ, ಹಾಕುವುದೂ ಇಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಉತಾರ ನೋಡಿದವ
ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು ನಾನು. ಎರಡು ಮಾತು.

ಮೊದಲನೆಯದು ಕಾನೂನು. ‘ನನ್ನ ಹೊಲ, ನನ್ನ ಚರಿಗೆ’ ಎನ್ನುವ ಹಾಗಿಲ್ಲ. ನೆಲದೊಳಗಿನ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 1878ರ ಹಳೆಯ ಕಾಯ್ದೆಯಲ್ಲಿ ಹತ್ತು ರೂಪಾಯಿ ಬೆಲೆ ಮೀರಿದರೆ ಸಾಕು, ತಿಳಿಸಲೇಬೇಕು ಎಂದಿತ್ತು. ಇದಲ್ಲದೆ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಪಾತ್ರೆ, ಶಿಲ್ಪಗಳೆಲ್ಲ ಪುರಾವಸ್ತುಗಳೇ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅಗೆಯುವ ಮಾತಂತೂ ದೂರ. ಏನೇನು ಎಲ್ಲೆಲ್ಲಿ ಸಿಕ್ಕಿತು ಎಂದು ಪಟ್ಟಿ ಮಾಡಿ ತಹಶೀಲ್ದಾರ್ ಕಚೇರಿಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಎರಡನೆಯದು ‘ಕೋಂ’. ಮುಂಬಯಿ ಪ್ರಾಂತದ ಕಾಗದಪತ್ರಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ನಿಮ್ಮದು ‘ಮ…’ ಎಂಬಾತನ ಹೆಂಡತಿ ‘…ವ್ವ’. ಮಲ್ಲಪ್ಪನೋ ಮಡಿವಾಳಪ್ಪನೋ ಮಹಾದೇವನೋ ಯಾರಾದರೂ ಆಗಬಹುದು. ನಿಮ್ಮ ಸರ್ವೆ ನಂಬರಿನ ಹಳೆಯ ಉತಾರ (ಪಹಣಿ) ತೆಗೆಸಿ ನೋಡಿ.

ಕೂಳೆಹೊಲ
ಮುರುಕಲು ಚರಿಗೆಗೆ ಅರ್ಜಿಯೇ? ಹೀಗೆ ಹೆದರಿಸಿದರೆ ಜನ ಸಿಕ್ಕದ್ದನ್ನು ಸುಮ್ಮನೆ ಗುಜರಿಗೆ ಹಾಕುತ್ತಾರೆ. ನಮ್ಮ ಓಣಿಯಲ್ಲಿ ಎಷ್ಟು ಹಂಡೆ, ಕೊಪ್ಪರಿಗೆಗಳು ತೂಕಕ್ಕೆ ಹೋದವು. ಅವುಗಳ ಮೇಲೂ ಹೆಸರಿತ್ತು.

ಉತಾರ ನೋಡಿದವ
ಹೆದರಿಸುತ್ತಿಲ್ಲ. ಬರೆದು ಕೊಟ್ಟರೆ ನಾಳೆ ಅವರ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ, ಅಷ್ಟೇ.

ಟಿಳಕವಾಡಿ
ಉತಾರದವರ ಮಾತಿಗೆ ನನ್ನದೂ ಬೆಂಬಲ. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆ ಇದೆ. ನಿಧಿ ಎನಿಸಬಹುದಾದದ್ದು ಸಿಕ್ಕರೆ ಹದಿನಾಲ್ಕು ದಿನಗಳೊಳಗೆ ತಿಳಿಸಬೇಕು. ಅದಕ್ಕಿಂತ ಮುಖ್ಯವಾದದ್ದು, ಬಟನ್ನುಗಳಂಥ ಸಣ್ಣ ಸಾಮಾನನ್ನೂ ಜನ ತಾವಾಗಿಯೇ ಬರೆಯಿಸುತ್ತಾರೆ. ಹಾಗೆ ದಾಖಲಾದ ವಸ್ತುಗಳ ಸಂಖ್ಯೆ ಹತ್ತು ಲಕ್ಷ ದಾಟಿದೆ. ಯಾವ ಹೊಲದ ಯಾವ ಮೂಲೆ ಎಂಬುದು ವಸ್ತುವಿನಷ್ಟೇ ಬೆಲೆಯುಳ್ಳದ್ದು.

ಕಂಚುಗಾರ ಓಣಿ
ಎಲ್ಲರೂ ಎಲ್ಲೆಲ್ಲಿಗೋ ಹೋದಿರಿ, ಚರಿಗೆಯನ್ನು ಯಾರೂ ನೋಡಲಿಲ್ಲ. ನಮ್ಮ ತಂದೆಗೆ ಪಾತ್ರೆ ಅಂಗಡಿ ಇತ್ತು. ಹೆಸರು ಹಾಕುವ ಕೆಲಸವನ್ನು ಹನ್ನೆರಡನೆಯ ವಯಸ್ಸಿನಿಂದ ನಾನೇ ಮಾಡುತ್ತಿದ್ದೆ. ಚೂಪು ಮೊಳೆ, ಸಣ್ಣ ಸುತ್ತಿಗೆ, ಒಂದೊಂದು ಚುಕ್ಕೆ. ಮದುವೆ ತಿಂಗಳಲ್ಲಿ ಆಯೇರಿಗೆ ಕೊಡುವ ಪಾತ್ರೆಗಳ ಸಾಲು ರಾತ್ರಿ ಹತ್ತಾದರೂ ಮುಗಿಯುತ್ತಿರಲಿಲ್ಲ.

ಡೋಣಿಸಾಲು ಅವರೇ, ಮೂರು ವಿಷಯ ನೋಡಿ ಹೇಳಿ. ತಳದಲ್ಲಿ ಗ್ರಾಮಫೋನ್ ತಟ್ಟೆಯಂತೆ ಸುತ್ತು ಗೆರೆಗಳಿವೆಯೋ, ಇಲ್ಲವೆ ನಡುಮೈಯಲ್ಲಿ ಹಲ್ಲು ಹಲ್ಲಾಗಿ ಕೂಡಿಸಿದ ಬೆಸುಗೆ ಇದೆಯೋ? ಒಳಗೆ ಕಲಾಯಿಯ ಬೂದುಬಣ್ಣ ಉಳಿದಿದೆಯೋ? ಹೆಸರು ಸವೆದಲ್ಲಿ ಲೋಹ ನುಣುಪಾಗಿದೆಯೋ, ತಿಂದು ಹೋದ ಹಾಗೆ ಉರುಟುರುಟಾಗಿದೆಯೋ?

ಮತ್ತೆ, ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ!! ಮನೆಯಲ್ಲಿ ಹೆಣ್ಣುಮಕ್ಕಳು ಪ್ರೀತಿಯಿಂದ ಬೆಳಗಲು ಕೂರುತ್ತಾರೆ. ಹುಳಿ ಉಪ್ಪು ಸೇರಿದರೆ ಮೇಲಿನ ಹಸಿರು ಪದರದ ಜೊತೆ ಅಕ್ಷರದ ಅಂಚೂ ಹೋಗುತ್ತದೆ. ದುಡ್ಡನ್ನೂ ತಿಕ್ಕಬೇಡಿ.

ಡೋಣಿಸಾಲು
ನೀವು ಬರೆದದ್ದು ಒಳ್ಳೆಯದಾಯಿತು, ಹೆಂಡತಿ ಹುಣಸೆ ನೆನೆಹಾಕಿದ್ದಳು. ತೆಗೆದಿಟ್ಟೆವು.

ಸುತ್ತು ಗೆರೆ ಇಲ್ಲ. ನಡುವೆ ಹಲ್ಲಿನಂಥ ಬೆಸುಗೆ ಇದೆ, ಬೆರಳಿಗೆ ತಾಗುತ್ತದೆ. ಒಳಗೆ ಅಲ್ಲಲ್ಲಿ ಬೂದುಬಣ್ಣವಿದೆ. ಹೆಸರು ಸವೆದಲ್ಲಿ ನುಣುಪಾಗಿದೆ, ಕನ್ನಡಿಯ ಹಾಗೆ.

ಕಂಚುಗಾರ ಓಣಿ
ಹಾಗಾದರೆ ಕೇಳಿ. ಬೆಸುಗೆ ಹಾಕಿ ಬಡಿದು ಮಾಡಿದ್ದು, ಯಂತ್ರದ ಮೇಲೆ ತಿರುಗಿಸಿದ್ದಲ್ಲ. ಹಳೆಯ ಕೈಗೆಲಸ. ಕಲಾಯಿ ಇದೆ ಎಂದರೆ ಬರಿ ನೀರಿನ ಚರಿಗೆಯಲ್ಲ, ಮಜ್ಜಿಗೆಯನ್ನೋ ಅಂಬಲಿಯನ್ನೋ ಹಾಕುತ್ತಿದ್ದರು. ಹುಳಿ ತಾಗಿದರೆ ಹಿತ್ತಾಳೆ ಕಿಲುಬುತ್ತದೆ, ಅದಕ್ಕೇ ಕಲಾಯಿ.

ಇನ್ನು ಹೆಸರು. ಮಣ್ಣು ತಿಂದರೆ ಉರುಟು ಉಳಿಯುತ್ತದೆ. ನುಣುಪಾಗಿ ಸವೆದಿದ್ದರೆ ಅದು ಕೈಯ ಸವೆತ. ಚರಿಗೆಯನ್ನು ಎತ್ತುವಾಗ ಹೆಬ್ಬೆರಳು ಹೆಗಲ ಮೇಲೆ ಒಂದೇ ಕಡೆ ಕೂರುತ್ತದೆ. ದಿನಾ ಎತ್ತಿ, ದಿನಾ ಬೂದಿ ಹಚ್ಚಿ ತಿಕ್ಕಿ ಹೆಸರಿನ ಮೊದಲ ಅಕ್ಷರಗಳನ್ನು ಸವೆಸಿದವಳು ಆ ತಾಯಿಯೇ. ಇಪ್ಪತ್ತು ಇಪ್ಪತ್ತೈದು ವರ್ಷವಾದರೂ ಬಳಸಿದ್ದಾಳೆ ಎನ್ನುವುದು ನನ್ನ ಅಂದಾಜು.

ಮಲಪ್ರಭೆಯ ಮಗಳು
ಇದನ್ನು ಓದಿ ಎದ್ದು ಹೋಗಿ ನಮ್ಮ ಅತ್ತೆಯವರ ತಂಬಿಗೆ ನೋಡಿ ಬಂದೆ. ಅದರಲ್ಲೂ ಒಂದು ಕಡೆ ನುಣುಪಾಗಿದೆ. ಇಷ್ಟು ವರ್ಷ ಗಮನಿಸಿರಲಿಲ್ಲ.

ತಾಳಿಕೋಟೆಯವ
ಎಷ್ಟು ಆಳದಲ್ಲಿ ಸಿಕ್ಕಿತು? ಆಳ ಗೊತ್ತಾದರೆ ಕಾಲ ಹೇಳಬಹುದಲ್ಲ.

ಕೂಳೆಹೊಲ
ಎರೆಹೊಲದಲ್ಲಿ, ಅಂದರೆ ಕಪ್ಪುಮಣ್ಣಿನ ಹೊಲದಲ್ಲಿ, ಆ ಲೆಕ್ಕ ನಡೆಯುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಮೊಣಕೈವರೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿದ್ದದ್ದು ಬಿರುಕಿನಲ್ಲಿ ಜಾರಿ ಕೆಳಗೆ ಹೋಗುತ್ತದೆ, ಉಬ್ಬಿದಾಗ ಕೆಳಗಿದ್ದದ್ದು ಮೇಲೆ ಬರುತ್ತದೆ. ತನ್ನನ್ನು ತಾನೇ ಉಳುವ ಮಣ್ಣು ಅದು. ನಿನ್ನೆಯ ಮೊಳೆ ಒಂದು ಅಡಿ ಕೆಳಗೆ, ಇನ್ನೂರು ವರ್ಷದ ಶಿವರಾಯಿ ಬೆರಳಷ್ಟು ಕೆಳಗೆ ಇರಬಹುದು. ಆ ಜುಮಕಿಯೂ ಬಿರುಕಿನಲ್ಲಿ ಇಳಿದಿದ್ದರೆ ಯಂತ್ರಕ್ಕೆ ಎಟುಕುವುದು ಕಷ್ಟ. ಅಷ್ಟು ಸಣ್ಣ ಬಂಗಾರ ನಾಲ್ಕು ಬೆರಳಿಗಿಂತ ಕೆಳಗಿದ್ದರೆ ಬಹಳ ಯಂತ್ರಗಳು ಸದ್ದು ಮಾಡುವುದಿಲ್ಲ.

ಚರಿಗೆಯ ಮಾತಿಗೆ ಬಂದರೆ, ಇಷ್ಟೆಲ್ಲ ಯೋಚನೆ ಯಾಕೆ? ಬುತ್ತಿಯ ಜೊತೆ ಮಜ್ಜಿಗೆ ತಂದಿದ್ದಾಳೆ, ಸಂಜೆ ಮರೆತು ಹೋಗಿದ್ದಾಳೆ. ಮುಗಿಯಿತು.

ಕಂಚುಗಾರ ಓಣಿ
ಇಪ್ಪತ್ತು ವರ್ಷ ಬಳಸಿದ ಹಿತ್ತಾಳೆ ಚರಿಗೆಯನ್ನು ಹೊಲದಲ್ಲಿ ಮರೆತು ಮರುದಿನ ಹುಡುಕದೆ ಬಿಡುವ ಹೆಣ್ಣುಮಗಳು ಆ ಕಾಲದಲ್ಲಿ ಇದ್ದಳೇ? ನಮ್ಮ ಅಜ್ಜಿ ಒಂದು ಸೌಟು ಕಾಣದಿದ್ದರೆ ಮೂರು ಮನೆ ವಿಚಾರಿಸುತ್ತಿದ್ದಳು. ಹುಡುಕಲು ಆಗದಂಥದ್ದೇನೋ ನಡೆದಿದೆ.

ಮಲಪ್ರಭೆಯ ಮಗಳು
ಬರ ಇರಬಹುದು. 1876ರಿಂದ 78ರವರೆಗಿನ ಬರದಲ್ಲಿ ನಮ್ಮ ಸೀಮೆ ಅರ್ಧ ಬರಿದಾಯಿತು. ಆಗ ಇದೆಲ್ಲ ಕಲಾದಗಿ ಜಿಲ್ಲೆ. ಪಾತ್ರೆ ಹೂತಿಟ್ಟು ಗುಳೆ ಹೋದವರು ತಿರುಗಿ ಬರಲಿಲ್ಲ.

ಉತಾರ ನೋಡಿದವ
ಇಲ್ಲವೆ ಪ್ಲೇಗ್. 1896ರಲ್ಲಿ ಮುಂಬಯಿಗೆ ಬಂದದ್ದು ಮುಂದಿನ ವರ್ಷಗಳಲ್ಲಿ ನಮ್ಮ ಜಿಲ್ಲೆಗಳಿಗೂ ಹಬ್ಬಿತು. ಇಲಿ ಸತ್ತು ಬಿತ್ತೆಂದರೆ ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಅವರವರ ಹೊಲದಲ್ಲೇ ಹಾಕಬೇಕೆಂದೂ ಇರಲಿಲ್ಲ. ಊರಿಗೆ ದೂರ, ನೀರಿಗೆ ಹತ್ತಿರ ಇದ್ದರೆ ಸಾಕು. ನಿಮ್ಮ ಮನೆತನದ್ದಲ್ಲದ ಹೆಸರು ನಿಮ್ಮ ಹೊಲದಲ್ಲಿ ಸಿಕ್ಕಿದ್ದಕ್ಕೆ ಇದೊಂದು ಕಾರಣ ಆಗಬಹುದು.

ಹಳೆಬಾಗಲಕೋಟೆ
ಮೂರು ದಿನಗಳಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನೀವೆಲ್ಲ ಈ ಸಾಮಾನುಗಳ ಹಿಂದಿನ ಒಡೆಯರು ಯಾರೆಂದು ಊಹಿಸುತ್ತಿದ್ದೀರಿ. ನಾನು ಅಂಥ ಒಬ್ಬ ಒಡೆಯ, ಬದುಕಿದ್ದೇನೆ. ನಮ್ಮ ಮನೆ ಘಟಪ್ರಭೆಯ ದಂಡೆಗಿತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದಾಗ ಬಿಚ್ಚಿಕೊಂಡು ಹೋಗಬಹುದಾದದ್ದನ್ನೆಲ್ಲ ಬಿಚ್ಚಿದೆವು: ತೊಲೆ, ಜಂತಿ, ಕದ, ಚೌಕಟ್ಟು. ನವನಗರದ ಮನೆಗೆ ಹಳೆಯ ಕದವನ್ನೇ ಹಚ್ಚಿದ್ದೇವೆ. ಆದರೆ ಅಡುಗೆಮನೆಯ ನೆಲದಲ್ಲಿ ಹೂತ ಒಳಕಲ್ಲು ಬರಲಿಲ್ಲ. ಹಾರೆ ಹಾಕಿದೆವು, ಅಲುಗಲಿಲ್ಲ. ಅವ್ವ ಕೊನೆಯ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಳಗೆ ಐದು ಕಾಳು ಜೋಳ ಹಾಕಿ ಬಂದಳು.

ಬೇಸಿಗೆಯಲ್ಲಿ ನೀರು ಇಳಿದಾಗ ಅಡಿಪಾಯಗಳು ಕಾಣುತ್ತವೆ. ಕೆಲವರು ಹೋಗಿ ಕಬ್ಬಿಣ, ಹಿತ್ತಾಳೆ ಆರಿಸುತ್ತಾರೆ. ಒಂದು ಬೇಸಿಗೆಯಲ್ಲಿ ಗುಜರಿ ಗಾಡಿಯೊಂದರಲ್ಲಿ ಚಿಲಕ ಕಂಡೆ. ಅದರ ತುದಿಗೆ ಸಣ್ಣ ನವಿಲು. ನಮ್ಮ ದನದ ಕೊಟ್ಟಿಗೆಯ ಬಾಗಿಲಿಗೂ ಅಂಥದ್ದೇ ಇತ್ತು. ನಮ್ಮದೇ ಎಂದು ಹೇಳಲಾರೆ, ಆ ಓಣಿಯ ಬಡಿಗ, ಕಮ್ಮಾರರೆಲ್ಲ ಅದೇ ಮಾದರಿ ಮಾಡುತ್ತಿದ್ದರು. ಕೇಳಿ ಕೊಂಡುಕೊಂಡೆ. ಆರಿಸಿದ ಹುಡುಗ ‘ಯಾರದು ಕಾಕಾ?’ ಎಂದು ಕೇಳಿದ. ಆ ಒಂದು ಪ್ರಶ್ನೆಗೆ ನನಗೆ ಕಣ್ಣು ತುಂಬಿ ಬಂತು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಡೋಣಿಸಾಲು, ನೀವು ಕೇಳುತ್ತಿದ್ದೀರಿ. ಅವ್ವನಿಗೆ ಹೇಳಿ, ಆ ಚರಿಗೆಯನ್ನು ಮನೆಗೆ ತಂದದ್ದರಲ್ಲಿ ಯಾವ ದೋಷವೂ ಇಲ್ಲ.

ಟಿಳಕವಾಡಿ
ಗುರುಗಳೇ, ನಿಮ್ಮ ಮಾತು ಓದಿ ಯಂತ್ರ ಹಿಡಿದು ತಿರುಗುವ ನನ್ನ ರೀತಿಯನ್ನೇ ಬದಲಿಸಬೇಕು ಎನ್ನಿಸಿತು. ನಾನು ಎಂದೂ ‘ಯಾವ ಕಾಲದ್ದು’ ಎಂದೇ ಮೊದಲು ಕೇಳುತ್ತಿದ್ದೆ.

ಕೂಳೆಹೊಲ
ಹಳೆಬಾಗಲಕೋಟೆ ಅವರೇ, ನಾನು ಮರೆತು ಹೋದದ್ದು ಎಂದು ಹಗುರಾಗಿ ಬರೆದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ರೊಟ್ಟಿಬುತ್ತಿ
ವಿಷಯಕ್ಕೆ ಸಂಬಂಧವಿಲ್ಲ, ಆದರೂ. ಚರಗಕ್ಕೆ ಈ ಸಲ ಏನೇನು ಮಾಡಿದ್ದಿರಿ? ನಮ್ಮಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಪುಣೆಯಲ್ಲಿ ಕೂತು ಓದುತ್ತಾ ಹೊಟ್ಟೆ ಹಸಿಯಿತು.

ಮಲಪ್ರಭೆಯ ಮಗಳು
ಬದನೆಕಾಯಿ ಎಣ್ಣೆಗಾಯಿ ಬಿಟ್ಟಿರಲ್ಲ!

ಗೋಕಾಕ ರಸ್ತೆ
ಉತಾರದಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವುದು ಅಪರೂಪ. ಹೆಳವರನ್ನು ಯಾಕೆ ಯಾರೂ ನೆನೆಯಲಿಲ್ಲ? ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಬಂದು ಮನೆತನದ ಹಿರಿಯರನ್ನೆಲ್ಲ ಹೆಸರು ಹಿಡಿದು ಹೇಳುವವರು ಅವರು. ಮೂಲ ಊರು, ಕವಲೊಡೆದ ಮನೆ, ಯಾವ ಊರಿನಿಂದ ಹೆಣ್ಣು ತಂದರು, ಎಲ್ಲ ಅವರ ಬಾಯಲ್ಲಿ, ಅವರ ಪುಸ್ತಕದಲ್ಲಿ ಇರುತ್ತದೆ. ನಮ್ಮ ಮುತ್ತಜ್ಜಿಯ ತವರು ನಮಗೆ ಗೊತ್ತಾದದ್ದು ಹೆಳವರಿಂದಲೇ. ನಿಮ್ಮ ಊರಿಗೆ ಬರುವ ಹೆಳವರು ಯಾರೆಂದು ವಿಚಾರಿಸಿ. ‘ಮ’ ಹೆಸರಿನ ಗಂಡ, ‘ವ್ವ’ ಹೆಸರಿನ ಹೆಂಡತಿ, ಊರಿನ ಯಾವ ಮನೆಯಲ್ಲಿದ್ದರು ಎಂದು ಕೇಳಿ.

ಉತಾರ ನೋಡಿದವ
ನಲವತ್ತು ವರ್ಷ ಕಾಗದ ನೋಡಿದ ನನಗೆ ಇದು ಹೊಳೆಯಲಿಲ್ಲ. ಸರಿಯಾದ ಮಾತು.

ತಾಳಿಕೋಟೆಯವ
ನಮ್ಮ ಕಡೆಗೆ ಬರುವ ಹೆಳವರ ಮನೆ ನನಗೆ ಗೊತ್ತಿದೆ. ಮೊಬೈಲ್ ನಂಬರ್ ಖಾಸಗಿಯಾಗಿ ಕಳಿಸುತ್ತೇನೆ.

ಡೋಣಿಸಾಲು
ಎಲ್ಲರ ಮಾತೂ ಓದಿದೆ. ಇವತ್ತಿನವರೆಗೆ ಆದದ್ದನ್ನು ಬರೆಯುತ್ತೇನೆ.

ಸೋಮವಾರ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ನಕ್ಷೆಯಲ್ಲಿ ಪ್ರತಿಯೊಂದು ಸಾಮಾನು ಸಿಕ್ಕ ಜಾಗ ಗುರುತು ಹಾಕಿದ್ದೇನೆ. ಹಾಕುವಾಗ ಒಂದು ವಿಷಯ ಕಂಡಿತು. ಲಾಳ, ಕುಳ, ದುಡ್ಡು ಹೊಲದ ತುಂಬ ಚೆದುರಿವೆ. ಚರಿಗೆ ಮತ್ತು ಕಾಲುಂಗುರ ಮಾತ್ರ ಹಳ್ಳದ ಕಡೆಯ ಒಂದೇ ಮೂಲೆಯಲ್ಲಿ, ಎಂಟು ಹತ್ತು ಹೆಜ್ಜೆಯ ಅಂತರದಲ್ಲಿ ಸಿಕ್ಕಿವೆ. ಅಲ್ಲಿ ಕರಿ ಹಿಡಿದ ಮೂರು ಕಲ್ಲು ಮೊದಲಿನಿಂದಲೂ ಇದ್ದವು, ಕುಂಟೆಗೆ ಅಡ್ಡ ಬರುತ್ತವೆ ಎಂದು ಅಪ್ಪ ಬದುವಿಗೆ ಸರಿಸಿದ್ದರು. ಆ ಮೂಲೆಯನ್ನು ಇನ್ನು ಮುಟ್ಟುವುದಿಲ್ಲ. ಯಂತ್ರ ತಿರುಗಿ ಕೊಟ್ಟುಬಿಟ್ಟೆ.

ನಿನ್ನೆ ಚಿಗವ್ವನ ಮನೆಗೆ ಚರಿಗೆ ಒಯ್ದಿದ್ದೆ. ಅವಳಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಕೈಗೆ ಕೊಟ್ಟ ಕೂಡಲೇ ಹೆಬ್ಬೆರಳು ತಾನಾಗಿಯೇ ನುಣುಪಿನ ಮೇಲೆ ಹೋಗಿ ಕೂತಿತು. ಹಾಗೇ ಹಿಡಿದುಕೊಂಡು, “ಎಲ್ಲಿ ಸಿಕ್ಕಿತು? ಗುಡಿಸಲ ಪಟ್ಟಿಯಲ್ಲೇ?” ಎಂದಳು. ಹಳ್ಳದ ಮೂಲೆಗೆ ಆ ಹೆಸರು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಬೆಳೆ ಕಾಯುವ ಗುಡಿಸಲು ಇದ್ದುದಕ್ಕೆ ಹಾಗೆನ್ನುತ್ತಾರೆ ಎಂದುಕೊಂಡಿದ್ದೆ. ಅಲ್ಲವಂತೆ. “ನನ್ನ ಅತ್ತೆ ಹೇಳುತ್ತಿದ್ದಳು, ಇಲಿ ಬಿದ್ದ ವರ್ಷ ಅಲ್ಲಿ ಹನ್ನೊಂದು ಗುಡಿಸಲು ಇದ್ದವು. ಊರಿಗೆ ತಿರುಗಿ ಬಂದದ್ದು ಒಂಬತ್ತು ಮನೆಯವರು.”

ಆ ಎರಡು ಮನೆ ಯಾವುವು ಎಂದು ಕೇಳಿದೆ. ಚಿಗವ್ವನಿಗೆ ಗೊತ್ತಿಲ್ಲ.

ಹೆಳವರ ಜೊತೆ ಫೋನಿನಲ್ಲಿ ಮಾತಾಡಿದೆ. ನಮ್ಮ ಊರಿನ ಪುಸ್ತಕ ಅವರ ಅಣ್ಣನ ಬಳಿ ಇದೆಯಂತೆ, ಅಣ್ಣ ಸವದತ್ತಿ ಕಡೆ ಹೋಗಿದ್ದಾರೆ. ಬಸವ ಜಯಂತಿಯ ಹೊತ್ತಿಗೆ ಬರುತ್ತೇವೆ ಎಂದರು. ಅವ್ವ ಈಗ ಚರಿಗೆಯನ್ನು ಹಗೇವಿನ ಕೋಣೆಯ ಗೂಡಿನಲ್ಲಿ, ಅಜ್ಜಿಯ ತಂಬಿಗೆಯ ಪಕ್ಕ ಇಟ್ಟಿದ್ದಾಳೆ. ತೊಳೆದಿಲ್ಲ.

ಹಳೆಬಾಗಲಕೋಟೆ
ಹೆಳವರು ಬಂದ ದಿನ ತಿಳಿಸಿ. ಬಸ್ಸಿಗೆ ಬರುತ್ತೇನೆ.